ಶೇ 32 ಇದ್ದರೆ ಅಂಗವೈಕಲ್ಯ ಅಲ್ಲವೇ?

ಪಡುಬಿದ್ರಿಯಿಂದ ಒಬ್ಬರು:
ನನ್ನ ಯಜಮಾನರು ಸರಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ಅಪಘಾತವಾದ ಮೇಲೆ ಅವರ ಎಡ ಮೊಣಕಾಲು ಮಡಚುವುದಿಲ್ಲ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ ಪ್ರಮಾಣಪತ್ರ ಸಿಕ್ಕಿದೆ, ಶೇ 32. ಅವರ ಮೇಜು ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕೆಳಗಿನ ಟಪಾಲು ಶಾಖೆ ಕೊಡಿ ಎಂದು ಕೇಳಿದರೆ, "ಶೇ 40 ಇಲ್ಲದವರಿಗೆ ಕಾಯ್ದೆ ಅನ್ವಯಿಸುವುದಿಲ್ಲ" ಎಂದು ಮೇಲಧಿಕಾರಿಗಳು ಅರ್ಜಿ ಹಿಂದಿರುಗಿಸಿದರು. ಇದು ಸರಿಯೇ?

ಕದ್ರಿಯ ನಿವೃತ್ತ ಗುಮಾಸ್ತ:
ಸರಿಯಲ್ಲ ಅಮ್ಮ. ಸಿಬ್ಬಂದಿ ಶಾಖೆಯಲ್ಲಿ ಇಂಥ ಕಡತಗಳ ನಡುವೆಯೇ ಕೂದಲು ಹಣ್ಣಾದವನು ನಾನು. ಈ ಶೇ 40ರ ಮಂತ್ರ ಕೇಳಿದರೆ ಈಗಲೂ ಪಿತ್ತ ಕೆರಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 2ನೇ ಸೆಕ್ಷನ್ ಓದಿ. ದೇಹ, ಮನಸ್ಸು, ಬುದ್ಧಿ ಅಥವಾ ಇಂದ್ರಿಯದ ದೀರ್ಘಕಾಲದ ನ್ಯೂನತೆ ಇದ್ದು, ಹೊರಗಿನ ಅಡೆತಡೆಗಳೂ ಸೇರಿ ಇತರರಿಗೆ ಸಮನಾಗಿ ಪಾಲ್ಗೊಳ್ಳಲು ಆಗದಿದ್ದರೆ ಆತ ಅಂಗವಿಕಲ ವ್ಯಕ್ತಿ. ಅಲ್ಲಿ ಶೇಕಡಾವಾರಿನ ಸುದ್ದಿಯೇ ಇಲ್ಲ. ನಿಮ್ಮವರ ವಿಷಯದಲ್ಲಿ ನ್ಯೂನತೆ ಮೊಣಕಾಲಿನದು, ಅಡೆತಡೆ ಆ ಮೆಟ್ಟಿಲು. ಮೆಟ್ಟಿಲು ಕಟ್ಟಿದವರು ಯಾರು ಎಂದು ಮೇಲಧಿಕಾರಿಗಳನ್ನೇ ಕೇಳಬೇಕು.

ಶೇ 40 ಬರುವುದು ಇನ್ನೊಂದು ವ್ಯಾಖ್ಯೆಯಲ್ಲಿ. ಕಾಯ್ದೆಯ ಪಟ್ಟಿಯಲ್ಲಿ 21 ವೈಕಲ್ಯಗಳಿವೆ (1995ರ ಹಳೆಯ ಕಾಯ್ದೆಯಲ್ಲಿ ಏಳೇ ಇದ್ದವು). ಅವುಗಳಲ್ಲಿ ಒಂದು ಶೇ 40 ಅಥವಾ ಹೆಚ್ಚು ಇರುವವರಿಗೆ ಉದ್ಯೋಗದಲ್ಲಿ ಶೇ 4ರ ಮೀಸಲಾತಿಯಂಥವು ಸಿಗುತ್ತವೆ. ನಿಮ್ಮವರು ಮೀಸಲಾತಿ ಕೇಳಿಲ್ಲವಲ್ಲ! ಕೇಳಿದ್ದು ಸೂಕ್ತ ಹೊಂದಾಣಿಕೆ, ಅಂದರೆ ನ್ಯೂನತೆ ಇರುವವರೂ ಇತರರಂತೆ ಕೆಲಸ ಮಾಡಲು ಬೇಕಾದ ಬದಲಾವಣೆ. ಅದನ್ನು ಒದಗಿಸುವುದು 20ನೇ ಸೆಕ್ಷನ್ ಪ್ರಕಾರ ಸರಕಾರಿ ಕಚೇರಿಯ ಕರ್ತವ್ಯ. 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಬರೆಯುವಾಗ ಕೈ ಸೆಡೆಯುವ ಆ ಅಭ್ಯರ್ಥಿಗೆ, ಶೇ 40 ಇಲ್ಲವೆಂಬ ಕಾರಣಕ್ಕೆ ಪರೀಕ್ಷೆಯಲ್ಲಿ ಲಿಪಿಕಾರರನ್ನು (ಹೇಳಿದ್ದನ್ನು ಬರೆದುಕೊಡುವವರನ್ನು) ನಿರಾಕರಿಸುವಂತಿಲ್ಲ ಎಂದಿತು.

ಮುಲ್ಕಿಯ ಓದುಗ:
ಹಾಗಾದರೆ ಆದಾಯ ತೆರಿಗೆಯಲ್ಲಿ ಅಂಗವಿಕಲರಿಗಿರುವ ವಿನಾಯಿತಿಯೂ ಸಿಗುತ್ತದೆಯೇ?

ಕದ್ರಿಯ ನಿವೃತ್ತ ಗುಮಾಸ್ತ:
ಇಲ್ಲ ಮಾರಾಯರೇ, ಅದಕ್ಕೆ ಶೇ 40 ಬೇಕೇ ಬೇಕು.

ಪಡುಬಿದ್ರಿಯಿಂದ ಒಬ್ಬರು:
ಉಪಕಾರವಾಯಿತು ಸರ್. ಯಜಮಾನರಿಗೆ ಜಗಳವೆಂದರೆ ಆಗದು. ಕೆಲಸವೇ ಹೋದೀತೆಂಬ ಭಯ ಬೇರೆ.

ಕದ್ರಿಯ ನಿವೃತ್ತ ಗುಮಾಸ್ತ:
ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರಕಾರಿ ಕಚೇರಿ ವಜಾ ಮಾಡುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೂ 20ನೇ ಸೆಕ್ಷನ್‌ನಲ್ಲೇ ಇದೆ. ಜಗಳ ಬೇಡ, ಮತ್ತೊಂದು ಅರ್ಜಿ ಸಾಕು. "ಮೀಸಲಾತಿಯನ್ನಲ್ಲ, ಸೂಕ್ತ ಹೊಂದಾಣಿಕೆಯನ್ನು ಕೋರುತ್ತಿದ್ದೇನೆ" ಎಂಬ ಸಾಲು ಮೊದಲಿಗೇ ಇರಲಿ. ಕುಂದುಕೊರತೆ ಅಧಿಕಾರಿ ಯಾರೆಂದು ಕೇಳಿ ಅವರಿಗೂ ಒಂದು ಪ್ರತಿ ಕೊಡಿ. 23ನೇ ಸೆಕ್ಷನ್ ಪ್ರಕಾರ ಪ್ರತಿ ಸರಕಾರಿ ಸಂಸ್ಥೆಯೂ ಅಂಥವರನ್ನು ನೇಮಿಸಬೇಕು. ಎರಡೂ ಪ್ರತಿಗಳಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.