ಬಡಾವಣೆಯ ‘ತೆರೆದ ಜಾಗ’ಕ್ಕೆ ಯಾವ ಪದ? ಗಾಯರಾಣ, ಬೀಡು, ಕಾವಲು, ಮೀಸಲು

ಎಲ್ಲರಿಗೂ ನಮಸ್ಕಾರ.

ಕೊಪ್ಪಳದ ಅಂಚಿನಲ್ಲಿರುವ ನಮ್ಮ ಬಡಾವಣೆಯವರು ಸೇರಿ ಒಂದು ಅರ್ಜಿ ಬರೆಯುತ್ತಿದ್ದೇವೆ. ಒಂದು ಪದದ ಹತ್ತಿರ ಬಂದು ಸಿಕ್ಕಿಕೊಂಡಿದ್ದೇವೆ. ಬಲ್ಲವರು ದಾರಿ ತೋರಿಸಬೇಕು.

ವಿಷಯ ಇಷ್ಟು. ಗುಡ್ಡದ ಬುಡಕ್ಕೆ ಹೊಂದಿಕೊಂಡ ಒಂದು ಜಾಗಕ್ಕೆ ನಕ್ಷೆಯಲ್ಲಿ ‘ತೆರೆದ ಜಾಗ’ ಎಂದು ಬರೆದಿದೆ. ಹುಲ್ಲು, ತಂಗಡಿ, ಬಾರಿಗಿಡ, ಒಂದೆರಡು ಬೇವಿನ ಮರ, ಇಷ್ಟೇ ಅಲ್ಲಿರುವುದು. ಬೆಳಿಗ್ಗೆ ಗೌಜಲಹಕ್ಕಿ ಕೂಗುತ್ತವೆ. ಟಿಟ್ಟಿಭ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಯಾವುದು ಮೊಟ್ಟೆ, ಯಾವುದು ಕಲ್ಲು ಅಂತ ಬಗ್ಗಿ ನೋಡಿದರೂ ಗೊತ್ತಾಗುವುದಿಲ್ಲ. ಈ ಜಾಗ ಹೀಗೇ ಇರಲಿ, ಓಡಾಡಲು ಒಂದು ಕಾಲುದಾರಿ ಸಾಕು ಎಂಬುದು ನಮ್ಮ ಬೇಡಿಕೆ. ಇದನ್ನು ಒಂದೇ ಮಾತಿನಲ್ಲಿ ಏನೆಂದು ಬರೆಯುವುದು?

‘ಉದ್ಯಾನ’ ಎಂದರೆ ಏನಾಗುತ್ತದೆ ಅಂತ ಪಕ್ಕದ ಬಡಾವಣೆಯಲ್ಲಿ ಕಣ್ಣಾರೆ ಕಂಡಿದ್ದೇವೆ. ಮೊದಲು ಜೆಸಿಬಿ ಬಂತು. ಆಮೇಲೆ ಕಾಂಪೌಂಡು, ಪೇವರ್, ಲಾನು, ಕಬ್ಬಿಣದ ಜಿಮ್ ಸಾಮಾನು. ಬಾರಿಗಿಡ ಒಂದೂ ಉಳಿಯಲಿಲ್ಲ. ಉದ್ಯಾನ ಅಂದ ಕೂಡಲೇ ನೆಟ್ಟು, ನೀರುಣಿಸಿ, ಕತ್ತರಿಸಿ ಬೆಳೆಸಿದ್ದು ಎಂದೇ ಎಲ್ಲರ ತಲೆಗೆ ಬರುತ್ತದೆ. ಬಂಡೀಪುರದಂಥ ಕಾಡಿಗೂ ‘ರಾಷ್ಟ್ರೀಯ ಉದ್ಯಾನ’ ಎಂದೇ ಕರೆಯುತ್ತೇವೆ, ಆದರೂ ಓಣಿಯ ಮಟ್ಟಕ್ಕೆ ಬಂದಾಗ ಆ ಅರ್ಥ ಉಳಿಯುವುದಿಲ್ಲ. ‘ಖಾಲಿ ಜಾಗ’ ಎಂದು ಬರೆಯುವುದು ಇನ್ನೂ ಅಪಾಯ. ಖಾಲಿ ಎಂದ ಮೇಲೆ ಕಸ ಸುರಿಯಲು ಯಾರಿಗೂ ಅಳುಕಿಲ್ಲ.

‘ಧಾಮ’ ನಮ್ಮ ಕಡೆ ಚೆನ್ನಾಗಿ ಬಳಕೆಯಲ್ಲಿದೆ. 1994ರಲ್ಲಿ ಆದ ದರೋಜಿ ಕರಡಿಧಾಮ ಎಲ್ಲರಿಗೂ ಗೊತ್ತು. ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮ ಸುಮಾರು 332 ಹೆಕ್ಟೇರ್, ಅಲ್ಲಿಯೂ ಹೆಚ್ಚಿಗೆ ಇರುವುದು ಹುಲ್ಲು, ಕುರುಚಲು. ಆದರೆ ಧಾಮದ ಹಿಂದೆ 1972ರ ವನ್ಯಜೀವಿ ಕಾಯ್ದೆ ಇದೆ. ನಮ್ಮ ತುಂಡು ನೆಲಕ್ಕೆ ಅದು ತೀರಾ ದೊಡ್ಡ ಹೆಸರು.

ನಮ್ಮಲ್ಲೊಬ್ಬರು ಅಮೆರಿಕದ ಷಿಕಾಗೊ ಸುತ್ತಲಿನ ಕುಕ್ ಕೌಂಟಿಯ ಉದಾಹರಣೆ ಕೊಡೋಣ ಅಂದರು. ಅಲ್ಲಿ 1914ರಿಂದ ‘ಫಾರೆಸ್ಟ್ ಪ್ರಿಸರ್ವ್’ ಎಂಬ ವ್ಯವಸ್ಥೆ ಇದೆ. ಮನೆಗಳ ನಡುನಡುವೆಯೇ ಸುಮಾರು 70,000 ಎಕರೆ ಕಾಡು, ಹುಲ್ಲುಬಯಲು, ಜೌಗು ನೆಲ ಉಳಿಸಿಕೊಂಡಿದ್ದಾರೆ. ಜನರೂ ಒಳಗೆ ಓಡಾಡುತ್ತಾರೆ. ಉದಾಹರಣೆ ಒಳ್ಳೆಯದೇ. ಆದರೆ ‘ಅರಣ್ಯ ಸಂರಕ್ಷಣಾ ಪ್ರದೇಶ’ ಎಂದು ಕನ್ನಡ ಮಾಡಿದರೆ ತಂತಿ ಬೇಲಿ ಕಣ್ಣಮುಂದೆ ಬರುತ್ತದೆ, ಅಲ್ವಾ?

ಹಾಗಾಗಿ ನಮ್ಮ ಊರಿನ ಬಾಯಿಮಾತಿಗೇ ಬಂದೆವು. ಹತ್ತಿರದ ಹಳ್ಳಿಯ ಕುರಿ ಕಾಯುವ ಹಿರಿಯರನ್ನು ಕೇಳಿದರೆ, “ಅದು ಗಾಯರಾಣ ಇತ್ತು ತಮ್ಮಾ, ಮೊದ್ಲ ನಮ್ಮ ಕುರಿ ಎಲ್ಲಾ ಅಲ್ಲೇ ಮೇಯ್ತಿದ್ವು” ಅಂದರು. ಮರಾಠಿಯ ಗಾಯ್ ಎಂದರೆ ಆಕಳು, ರಾನ್ ಎಂದರೆ ಅಡವಿ. ಹಳೇ ಮೈಸೂರಿನವರು ಇದನ್ನೇ ಗೋಮಾಳ ಅನ್ನುತ್ತಾರೆ. ತುಂಗಭದ್ರೆ ದಾಟಿದರೆ ಮಾತು ಮತ್ತೆ ಬದಲು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿನ ಹಳೆಯ ಕಾಗದಗಳಲ್ಲಿ ‘ಪೋರಂಬೋಕು’ ಕಾಣುತ್ತದೆ. ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿದ್ದವು. ಒಂದೇ ಬಗೆಯ ನೆಲಕ್ಕೆ ಹೊಳೆಯ ಆಚೆ ಒಂದು ಹೆಸರು, ಈಚೆ ಒಂದು ಹೆಸರು. ಪೋರಂಬೋಕು ಕಡೆಗೆ ಬೈಗುಳವೇ ಆಗಿಹೋಯಿತು. ಸಾಗುವಳಿ ಇಲ್ಲದ ನೆಲ ಎಂಬ ಅರ್ಥದ ಪದ ಕೆಲಸಕ್ಕೆ ಬಾರದ ಮನುಷ್ಯನಿಗೆ ಅಂಟಿಕೊಂಡಿದ್ದು ನನಗೆ ನೋವಿನ ಸಂಗತಿ. ನೆಲದ ಬಗ್ಗೆ ನಾವು ಹೇಗೆ ಯೋಚಿಸುತ್ತೇವೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಗಾಯರಾಣ ನನಗೆ ಇಷ್ಟ. ಆದರೆ ಕಂದಾಯ ನಿಯಮದಲ್ಲಿ ದನಗಳ ಮೇವಿಗೆ ಬಿಟ್ಟ ನೆಲಕ್ಕೆ ಅದರದೇ ಲೆಕ್ಕವಿದೆ, ನೂರು ದನಕ್ಕೆ 12 ಹೆಕ್ಟೇರ್. ಬಡಾವಣೆಯ ಜಾಗಕ್ಕೆ ಆ ಹೆಸರು ಬರೆದರೆ ತಕರಾರು ಎದ್ದೀತು. ಬೀಡು ಎಂದರೆ ಸಾಗುವಳಿ ಬಿಟ್ಟ ಹೊಲ, ಇದು ಹೊಲವೇ ಆಗಿರಲಿಲ್ಲ. ಬಯಲು ಚೆಂದದ ಪದ, ವಚನಗಳಲ್ಲಿ ಅದಕ್ಕೆ ಬಹಳ ಎತ್ತರದ ಅರ್ಥವಿದೆ. ಆದರೆ ‘ಬಯಲಿಗೆ ಹೋಗುವುದು’ ಎಂಬ ಬಳಕೆ ಇನ್ನೂ ಮರೆತುಹೋಗಿಲ್ಲ. ಕಾವಲು ಎಂದರೆ ಅಮೃತಮಹಲ್ ದನಗಳ ಮೇವಿಗೆ ಬಿಟ್ಟ ಹುಲ್ಲುಗಾವಲನ್ನು ಬಲ್ಲವರಿಗೆ ಅರ್ಥವಾಗುತ್ತದೆ, ನಮ್ಮ ಕಡೆಯವರಿಗೆ ವಾಚ್‌ಮನ್ ನೆನಪಾಗುತ್ತಾನೆ.

ಕೊನೆಗೆ ನನ್ನ ಮನಸ್ಸು ನಿಂತಿದ್ದು ‘ಮೀಸಲು’ ಪದದ ಮೇಲೆ. ಮೀಸಲು ಹಾಲು, ಮೀಸಲು ನೀರು ಎನ್ನುತ್ತೇವೆ. ದೇವರಿಗೆ ತೆಗೆದಿಟ್ಟಿದ್ದು, ಯಾರೂ ಮುಟ್ಟದೆ ಕಾಯ್ದಿದ್ದು. ಮೀಸಲು ಅರಣ್ಯ ಎಂಬುದು ಆಗಲೇ ಕಾನೂನಿನ ಮಾತು. ಹಾಗಾದರೆ ‘ಮೀಸಲು ಹುಲ್ಲುಗಾವಲು’ ಎನ್ನಬಹುದೇ? ಇಲ್ಲ, ಬರೀ ‘ಊರ ಮೀಸಲು’ ಸಾಕೇ? ಜೊತೆಯವರಲ್ಲಿ ಕೆಲವರಿಗೆ ಮೀಸಲು ಎಂದರೆ ಮೀಸಲಾತಿ ನೆನಪಾಗುತ್ತದಂತೆ, ಜನ ತಪ್ಪು ತಿಳಿದಾರು ಎಂಬ ಅಂಜಿಕೆ.

ಇನ್ನೊಂದು ಮಾತು. ಆ ಜಾಗದ ಒಂದು ಮೂಲೆಗೆ ಬಳ್ಳಾರಿ ಜಾಲಿ ಹಬ್ಬುತ್ತಿದೆ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಅಮೆರಿಕ ಖಂಡದಿಂದ ಬಂದ ಗಿಡ, ಬಿಟ್ಟರೆ ಹುಲ್ಲನ್ನೆಲ್ಲ ನುಂಗಿಬಿಡುತ್ತದೆ. ಅದನ್ನು ಕಡಿಯಲೇಬೇಕು. ಹಾಗಾಗಿ ‘ಇದ್ದ ಹಾಗೇ ಬಿಡುವುದು’ ಎಂಬ ಅರ್ಥದ ಪದವೂ ಪೂರ್ತಿ ಹೊಂದುವುದಿಲ್ಲ. ನೋಡಿಕೊಳ್ಳುವುದು ಎಂಬ ಅರ್ಥವೂ ಅದರಲ್ಲಿ ಬರಬೇಕು.

ಸಿಂಧನೂರು, ಮಾನ್ವಿ, ಕುಷ್ಟಗಿ, ಸಿರುಗುಪ್ಪ ಕಡೆಯವರು ನಿಮ್ಮ ಊರಲ್ಲಿ ಇಂಥ ನೆಲಕ್ಕೆ ಏನೆನ್ನುತ್ತಾರೆ, ದಯವಿಟ್ಟು ಬರೆಯಿರಿ. ಹಳೆಯ ಪಹಣಿಯಲ್ಲಿ ಕಂಡ ಪದವಿದ್ದರೆ ಅದನ್ನು ಇದ್ದ ಹಾಗೆಯೇ ಕೊಡಿ. ಅರ್ಜಿ ಇನ್ನೂ ಕೊಟ್ಟಿಲ್ಲ, ಆ ಪದದ ಜಾಗ ಖಾಲಿ ಬಿಟ್ಟು ಉಳಿದಿದ್ದನ್ನೆಲ್ಲ ಟೈಪ್ ಮಾಡಿಸಿದ್ದೇವೆ.