ಓಎಸ್ ಮಾತು ಬಂದರೆ ಮೀಟಿಂಗ್ ಜಗಳವಾಗುತ್ತೆ. ಯಾಕೆ, ಏನು ಮಾಡೋದು?

ಕೇಳಿದವರು: ತಂಡದ ಲೆಕ್ಕ

ನಮಸ್ಕಾರ. ಹನ್ನೆರಡು ಜನರ ತಂಡ. ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಮೂರು ಥರ: ಏಳು ವಿಂಡೋಸ್ 10 ಲ್ಯಾಪ್‌ಟಾಪ್, ಮೂರು ಮ್ಯಾಕ್, ಎರಡು ಉಬುಂಟು (ಲಿನಕ್ಸ್‌ನ ಒಂದು ಬಗೆ). ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಏಳರಲ್ಲಿ ನಾಲ್ಕು ವಿಂಡೋಸ್ 11ಕ್ಕೆ ಅರ್ಹವಲ್ಲ ಅಂತ ತೋರಿಸುತ್ತಿವೆ. ಮುಂದೇನು ಅಂತ ತೀರ್ಮಾನ ಮಾಡಲು ಕೂತರೆ ಹತ್ತೇ ನಿಮಿಷಕ್ಕೆ ದನಿ ಏರುತ್ತೆ. ರಜೆ, ಸಂಬಳದ ವಿಷಯಕ್ಕೂ ಇಷ್ಟು ಬಿಸಿ ಇರಲ್ಲ. ಎರಡು ಪ್ರಶ್ನೆ: ಒಂದು ಸಾಫ್ಟ್‌ವೇರ್ ವಿಷಯಕ್ಕೆ ಜನ ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಳ್ತಾರೆ? ಜಗಳವಿಲ್ಲದೆ ಇತ್ಯರ್ಥ ಮಾಡೋ ಕ್ರಮ ಏನಾದರೂ ಇದೆಯಾ? ಯಾವ ಓಎಸ್ ಒಳ್ಳೇದು ಅನ್ನೋದನ್ನ ಇಲ್ಲೂ ಶುರು ಮಾಡಬೇಡಿ, ಕೈ ಮುಗೀತೀನಿ.

ಕೀಲಿಮಣೆ

ಮೊದಲ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಬೆರಳಲ್ಲಿ ಸರ್.

ಕಾಪಿ ಮಾಡೋದನ್ನೇ ತಗೊಳ್ಳಿ. ವಿಂಡೋಸ್‌ನಲ್ಲಿ ಕಂಟ್ರೋಲ್-ಸಿ, ಕಿರುಬೆರಳು ಮೂಲೆಗೆ ಹೋಗುತ್ತೆ. ಮ್ಯಾಕ್‌ನಲ್ಲಿ ಕಮಾಂಡ್-ಸಿ, ಕೀಲಿ ಇರೋದು ಸ್ಪೇಸ್‌ಬಾರ್ ಪಕ್ಕ, ಕೆಲಸ ಹೆಬ್ಬೆರಳಿನದ್ದು. ಲಿನಕ್ಸ್ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡೋ ಕಿಟಕಿ) ಕಂಟ್ರೋಲ್-ಸಿ ಒತ್ತಿದರೆ ಕಾಪಿ ಆಗೋ ಬದಲು ಓಡುತ್ತಿದ್ದ ಪ್ರೋಗ್ರಾಂ ನಿಂತುಹೋಗುತ್ತೆ. ಅಲ್ಲಿ ಕಾಪಿಗೆ ಶಿಫ್ಟ್ ಕೂಡ ಒತ್ತಬೇಕು. ಫೈಲ್ ಆರಿಸಿ ಎಂಟರ್ ಒತ್ತಿ ನೋಡಿ: ವಿಂಡೋಸ್ ತೆರೆಯುತ್ತೆ, ಮ್ಯಾಕ್‌ನ ಫೈಂಡರ್ ‘ಹೊಸ ಹೆಸರು ಕೊಡಿ’ ಅನ್ನುತ್ತೆ. ಆಲ್ಟ್-ಟ್ಯಾಬ್ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹಾರಿಸುತ್ತೆ, ಕಮಾಂಡ್-ಟ್ಯಾಬ್ ಒಂದು ಆ್ಯಪ್‌ನಿಂದ ಇನ್ನೊಂದು ಆ್ಯಪ್‌ಗೆ. ಹಾಗಾಗಿ ಎರಡು ಕಡತ ಅಕ್ಕಪಕ್ಕ ತೆರೆದಿಟ್ಟವರು ಮ್ಯಾಕ್‌ನಲ್ಲಿ ‘ನನ್ನ ಇನ್ನೊಂದು ಕಿಟಕಿ ಎಲ್ಲಿ ಹೋಯ್ತು’ ಅಂತ ಹುಡುಕ್ತಾ ಕೂರ್ತಾರೆ. ಹೋಮ್ ಕೀಲಿ ವಿಂಡೋಸ್‌ನಲ್ಲಿ ಸಾಲಿನ ಮೊದಲಿಗೆ ಒಯ್ದರೆ ಮ್ಯಾಕ್‌ನಲ್ಲಿ ಇಡೀ ಕಡತದ ಮೊದಲಿಗೆ ಒಯ್ಯುತ್ತೆ. ಮ್ಯಾಕ್‌ನಲ್ಲಿ ಕೆಂಪು ಗುಂಡಿ ಒತ್ತಿದರೆ ಸಾಮಾನ್ಯವಾಗಿ ಕಿಟಕಿ ಮುಚ್ಚುತ್ತೆ, ಆ್ಯಪ್ ಹಿಂದೆ ಬದುಕೇ ಇರುತ್ತೆ.

ಒಂದೊಂದೂ ಚಿಲ್ಲರೆ ವಿಷಯ. ಆದರೆ ದಿನಕ್ಕೆ ನೂರಾರು ಸಲ ಯೋಚನೆಯೇ ಇಲ್ಲದೆ ಆಗೋ ಕೆಲಸ ಇವು. ಹದಿನೈದು ವರ್ಷದಿಂದ ಎಲ್ಲರೂ ಡೌಟ್ ಕೇಳಲು ಬರುತ್ತಿದ್ದ ವ್ಯಕ್ತಿ, ಓಎಸ್ ಬದಲಾದ ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗನ ಹತ್ತಿರ ‘ಸ್ಕ್ರೀನ್‌ಶಾಟ್ ಹೇಗಪ್ಪಾ’ ಅಂತ ಕೇಳಬೇಕು. ಈ ಮುಜುಗರವನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಅದು ‘ಮ್ಯಾಕ್ ಬರೀ ಶೋಕಿ’, ‘ಲಿನಕ್ಸ್ ಕೆಲಸ ಇಲ್ಲದವರಿಗೆ’, ‘ವಿಂಡೋಸ್ ವೈರಸ್ ಗೂಡು’ ಅನ್ನೋ ವೇಷದಲ್ಲಿ ಹೊರಗೆ ಬರುತ್ತೆ.

ಕಡಿಮೆ ಮಾಡೋಕೆ ಒಂದು ದಾರಿ: ಮೊದಲ ದಿನವೇ ಕೀಲಿಗಳನ್ನ ಹಳೇ ಜಾಗಕ್ಕೆ ತಂದುಕೊಡಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್, ಮಾಡಿಫೈಯರ್ ಕೀಸ್‌ಗೆ ಹೋಗಿ ಕಂಟ್ರೋಲ್ ಮತ್ತು ಕಮಾಂಡ್ ಅದಲುಬದಲು ಮಾಡಬಹುದು. ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್‌ನಲ್ಲಿ ಕೀಬೋರ್ಡ್ ಮ್ಯಾನೇಜರ್ ಇದೆ. ಟರ್ಮಿನಲ್‌ನಲ್ಲೇ ದಿನ ಕಳೆಯೋರಿಗೆ ಮಾತ್ರ ಇದನ್ನ ಮಾಡಬೇಡಿ. ಪ್ರೋಗ್ರಾಂ ನಿಲ್ಲಿಸೋ ಕೀಲಿಯೂ ಜೊತೆಗೆ ಜಾಗ ಬದಲಿಸಿ ಇನ್ನೊಂದು ತಲೆನೋವು ಹುಟ್ಟುತ್ತೆ.

ಹಳೇ ಯುನಿಕ್ಸ್

ಬೆರಳಿನ ಮಾತು ಒಪ್ಪಿದೆ. ಆದರೆ ಓಎಸ್ ಬದಲಿಸುವ ಪ್ರಸ್ತಾಪವೇ ಇಲ್ಲದ ಕಡೆಯೂ ಈ ಜಗಳ ಇರುತ್ತದಲ್ಲ, ಅದಕ್ಕೆ ಬೆರಳು ಸಾಲದು.

1956ರಲ್ಲಿ ಜ್ಯಾಕ್ ಬ್ರೆಮ್ ಎಂಬ ಮನಶ್ಶಾಸ್ತ್ರಜ್ಞ ಮನೆಬಳಕೆಯ ಸಾಮಾನುಗಳಿಗೆ ಜನರಿಂದ ಅಂಕ ಹಾಕಿಸಿದ. ಆಮೇಲೆ ಎರಡು ಸಾಮಾನು ಮುಂದಿಟ್ಟು ಒಂದನ್ನು ಆರಿಸಿಕೊಳ್ಳಿ ಎಂದ. ಆರಿಸಿದ ಮೇಲೆ ಮತ್ತೆ ಅಂಕ ಕೇಳಿದರೆ, ಕೈಗೆ ಬಂದದ್ದಕ್ಕೆ ಅಂಕ ಏರಿತ್ತು, ಬಿಟ್ಟದ್ದಕ್ಕೆ ಇಳಿದಿತ್ತು. ಗಮನಿಸಿ, ಎರಡೂ ಹೆಚ್ಚುಕಡಿಮೆ ಸಮಾನವಾಗಿದ್ದಾಗಲೇ ಈ ಏರಿಳಿತ ಎದ್ದು ಕಂಡದ್ದು. ಇವತ್ತಿನ ಮೂರು ಓಎಸ್‌ಗಳ ಸ್ಥಿತಿಯೂ ಅದೇ. ಬ್ರೌಸರ್, ಮೇಲ್, ವಿಡಿಯೋ ಕಾಲ್ ಮೂರರಲ್ಲೂ ನಡೆಯುತ್ತದೆ. ಅಂತರ ಕಿರಿದಾದಷ್ಟೂ ‘ನಾನು ಆರಿಸಿದ್ದೇ ಸರಿ’ ಎಂದು ತನಗೆ ತಾನೇ ಹೇಳಿಕೊಳ್ಳುವ ಗರಜು ಹೆಚ್ಚು.

1971ರಲ್ಲಿ ಹೆನ್ರಿ ಟಾಜ್‌ಫೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇನ್ನೂ ವಿಚಿತ್ರ. ಶಾಲಾ ಹುಡುಗರಿಗೆ ‘ನೀನು ಕ್ಲೇ ಚಿತ್ರ ಇಷ್ಟಪಟ್ಟವರ ಗುಂಪು, ನೀನು ಕ್ಯಾಂಡಿನ್‌ಸ್ಕಿ ಗುಂಪು’ (ಇಬ್ಬರೂ ಚಿತ್ರಕಾರರು) ಎಂದು ಹೇಳಿದ್ದಷ್ಟೇ, ಗುಂಪು ಮಾಡಿದ್ದು ಮನಬಂದಂತೆ. ಅಷ್ಟಕ್ಕೇ, ಹಣ ಹಂಚಲು ಹೇಳಿದಾಗ ತಮ್ಮ ಗುಂಪಿಗೆ ಹೆಚ್ಚು ಹಂಚಿದರು. ತಮ್ಮವರಿಗೆ ಬರುವ ಒಟ್ಟು ಮೊತ್ತ ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಮೇಲಿದ್ದರೆ ಸಾಕು ಎಂಬಂತಿತ್ತು ಆ ಹಂಚಿಕೆ. ಲ್ಯಾಪ್‌ಟಾಪ್ ಮುಚ್ಚಳದ ಮೇಲೆ ಆ್ಯಪಲ್‌ನ ಹಣ್ಣಿನ ಗುರುತೋ ಲಿನಕ್ಸ್‌ನ ಪೆಂಗ್ವಿನ್ ಸ್ಟಿಕ್ಕರೋ ಇದ್ದರೆ ಆ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಪೂರ್ತಿಯಾಯಿತು.

ತಜ್ಞರೂ ಇದಕ್ಕೆ ಹೊರತಲ್ಲ. 1992ರ ಜನವರಿಯಲ್ಲಿ ಪ್ರೊಫೆಸರ್ ಆಂಡ್ರ್ಯೂ ಟನೆನ್‌ಬಾಮ್ ಲಿನಕ್ಸ್ ಹಳತಾಗಿಹೋದ ವಿನ್ಯಾಸ ಎಂದು ಬರೆದರು. ಕರ್ನಲ್ (ಓಎಸ್‌ನ ತಿರುಳು) ಒಂದೇ ದೊಡ್ಡ ತುಂಡಾಗಿರಬೇಕೋ, ಚಿಕ್ಕ ಕರ್ನಲ್ ಸುತ್ತ ಬಿಡಿ ಭಾಗಗಳಿರಬೇಕೋ ಎಂಬ ಶುದ್ಧ ತಾಂತ್ರಿಕ ಪ್ರಶ್ನೆ. ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ ಕೊಟ್ಟ ಉತ್ತರ ಎಷ್ಟು ಖಾರವಾಗಿತ್ತೆಂದರೆ ಅದರ ಧಾಟಿಗೆ ಅವರೇ ಕ್ಷಮೆ ಕೇಳಿದರು.

ತಮಾಷೆಯೆಂದರೆ ಕಂಪನಿಗಳು ಯಾವಾಗಲೋ ಕೈಕುಲುಕಿವೆ. 1997ರಲ್ಲಿ ಆ್ಯಪಲ್‌ನಲ್ಲಿ ಮೈಕ್ರೋಸಾಫ್ಟ್ 15 ಕೋಟಿ ಡಾಲರ್ ಹೂಡುತ್ತಿದೆ ಎಂದು ಸ್ಟೀವ್ ಜಾಬ್ಸ್ ವೇದಿಕೆಯಲ್ಲಿ ಹೇಳಿದಾಗ ಸಭೆಯಲ್ಲಿ ಕೂಗಾಟ ಎದ್ದಿತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದು ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್; 2016ರಲ್ಲಿ ಅದೇ ಕಂಪನಿ ವಿಂಡೋಸ್ ಒಳಗೇ ಲಿನಕ್ಸ್ ಪ್ರೋಗ್ರಾಂ ಓಡಿಸುವ ಸೌಲಭ್ಯ ಕೊಟ್ಟಿತು. ಯಜಮಾನರು ರಾಜಿಯಾದರೂ ಬಾಗಿಲಲ್ಲಿ ನಿಂತವರ ಜಗಳ ನಿಂತಿಲ್ಲ.

ಸರ್ವರ್ ಪಾಲಕ

ಎರಡನೇ ಪ್ರಶ್ನೆಗೆ ಬರ್ತೀನಿ. ಮೊದಲು ಗಡುವಿನ ಒತ್ತಡ ಇಳಿಸಿ, ಅರ್ಧ ಬಿಸಿ ಅಲ್ಲೇ ಆರುತ್ತೆ.

‘ಅರ್ಹವಲ್ಲ’ ಅಂತ ಬಂದ ನಾಲ್ಕು ಯಂತ್ರದಲ್ಲಿ ಕಾರಣ ಏನು ಅಂತ ಬೇರೆ ಬೇರೆ ನೋಡಿ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಕಾರಣವನ್ನೂ ಹೇಳುತ್ತೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ನಂಬಿಕಸ್ತ ಓಎಸ್ ಮಾತ್ರ ಶುರುವಾಗಲು ಬಿಡೋ ಕಾವಲು) ಸಾಧ್ಯವಿರುವ ಯುಇಎಫ್‌ಐ (ಯಂತ್ರ ಶುರು ಮಾಡೋ ಒಳ ತಂತ್ರಾಂಶ), 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಜೊತೆಗೆ ಪಟ್ಟಿಯಲ್ಲಿರೋ ಪ್ರೊಸೆಸರ್ ಬೇಕು. ಟಿಪಿಎಂ ಒಂದೇ ಅಡ್ಡಿಯಾಗಿದ್ದರೆ ಅದು ಬಯಾಸ್‌ನಲ್ಲಿ (ಯಂತ್ರ ಶುರುವಾಗೋವಾಗ ತೆರೆಯೋ ಸೆಟ್ಟಿಂಗ್ಸ್) ಆಫ್ ಆಗಿರೋ ಸಾಧ್ಯತೆ ಇದೆ. ಇಂಟೆಲ್ ಯಂತ್ರದಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಇರುತ್ತೆ, ಆನ್ ಮಾಡಿ ಮತ್ತೆ ಪರೀಕ್ಷಿಸಿ. ಪ್ರೊಸೆಸರ್ರೇ ಹಳೇದಾದರೆ ಅಲ್ಲಿ ಮಾಡೋದೇನೂ ಇಲ್ಲ. ಇಂಟೆಲ್‌ನಲ್ಲಿ ಸ್ಥೂಲವಾಗಿ ಎಂಟನೇ ತಲೆಮಾರಿನಿಂದ ಮೇಲಿನದು ಬೇಕು. ಅಂಥ ಯಂತ್ರಕ್ಕೆ ಹಣ ಕೊಟ್ಟರೆ ಸಂಸ್ಥೆಗಳಿಗೆ ಗರಿಷ್ಠ ಮೂರು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತೆ, ಅಂದರೆ 2028ರ ಅಕ್ಟೋಬರ್‌ವರೆಗೆ. ಉಸಿರಾಡಲು ಜಾಗ ಸಿಕ್ಕಿತಲ್ಲ?

ಆಮೇಲೆ ಮೀಟಿಂಗ್ ಕರೆಯಬೇಡಿ. ಪ್ರತಿಯೊಬ್ಬರೂ ಕಳೆದ ಐದು ಕೆಲಸದ ದಿನದಲ್ಲಿ ಮಾಡಿದ ಹತ್ತು ಕೆಲಸ ಬರೆದುಕೊಡಲಿ. ಷರತ್ತು ಒಂದೇ, ಸಾಲು ಕ್ರಿಯಾಪದದಲ್ಲಿ ಮುಗೀಬೇಕು. ‘ಎಕ್ಸೆಲ್ ಬೇಕು’ ಅಂತ ಬರೆದರೆ ವಾಪಸ್ ಕೊಡಿ. ‘ತಿಂಗಳ ವರದಿಯ ಮ್ಯಾಕ್ರೋ ಓಡಿಸಿ ಪಿಡಿಎಫ್ ಕಳಿಸುವುದು’ ಅಂತ ಬರೆದರೆ ಅದನ್ನ ಪರೀಕ್ಷೆ ಮಾಡಬಹುದು. ಮ್ಯಾಕ್‌ನ ಎಕ್ಸೆಲ್‌ನಲ್ಲಿ ಆ್ಯಕ್ಟಿವ್‌ಎಕ್ಸ್ ಬಟನ್ ಓಡಲ್ಲ, ಪವರ್ ಪಿವಟ್ ಇಲ್ಲ. ಲಿನಕ್ಸ್‌ನಲ್ಲಿ ಎಕ್ಸೆಲ್ ಬದಲು ಬಳಸೋ ಲಿಬ್ರೆಆಫೀಸ್ ಮ್ಯಾಕ್ರೋಗಳನ್ನ (ಕೆಲಸವನ್ನ ತಾನಾಗಿ ಮಾಡಿಸೋ ಆಜ್ಞೆಗಳು) ಭಾಗಶಃ ಮಾತ್ರ ಓಡಿಸುತ್ತೆ. ಇವು ಅಭಿಪ್ರಾಯಗಳಲ್ಲ, ಹತ್ತು ನಿಮಿಷ ಕೂತು ಒತ್ತಿ ನೋಡಿದರೆ ಗೊತ್ತಾಗೋ ವಿಷಯ.

ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು: ಆಗುತ್ತೆ, ಸುತ್ತಿ ಬಳಸಿ ಆಗುತ್ತೆ, ಆಗಲ್ಲ. ದಿನಾ ಮಾಡೋ ಕೆಲಸದ ಮುಂದೆ ‘ಆಗಲ್ಲ’ ಬಿದ್ದರೆ ಆ ವ್ಯಕ್ತಿಗೆ ಆ ಓಎಸ್ ಇಲ್ಲ, ಚರ್ಚೆಯೂ ಇಲ್ಲ. ವರ್ಷಕ್ಕೊಮ್ಮೆ ಮಾಡೋ ಕೆಲಸಕ್ಕೆ ‘ಆಗಲ್ಲ’ ಬಿದ್ದರೆ ತಂಡಕ್ಕೆಲ್ಲ ಒಂದು ವಿಂಡೋಸ್ ಯಂತ್ರ ಮೂಲೆಯಲ್ಲಿಡಿ.

ಪ್ರಯೋಗಕ್ಕೆ ಲಿನಕ್ಸ್ ಆದರೆ 8 ಜಿಬಿ ಅಥವಾ ಮೇಲಿನ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ಮುಟ್ಟಬೇಡಿ. ವೈಫೈ, ಮೈಕ್, ಕ್ಯಾಮೆರಾ, ಪ್ರಿಂಟರ್, ಹೊರಗಿನ ಮಾನಿಟರ್ ನೋಡಿ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯೋದನ್ನ ಮರೀಬೇಡಿ, ಹಲವು ಯಂತ್ರ ಮುಗ್ಗರಿಸೋದು ಅಲ್ಲೇ. ವೇಗವನ್ನ ಮಾತ್ರ ಪೆನ್‌ಡ್ರೈವ್‌ನಲ್ಲಿ ಅಳೆಯಬೇಡಿ, ನಿಧಾನ ಇದ್ದೇ ಇರುತ್ತೆ. ಯಂತ್ರ ಪಾಸಾದರೆ ಒಂದು ಬಿಡಿ ಲ್ಯಾಪ್‌ಟಾಪ್‌ನಲ್ಲಿ ಹಾಕಿ ಎರಡು ವಾರ ಬಳಸಲು ಕೊಡಿ. ಮೊದಲ ಮೂರ್ನಾಲ್ಕು ದಿನದ ಅಭಿಪ್ರಾಯ ಬರೆದಿಡಬೇಡಿ, ಅದು ಅಳೆಯೋದು ಹಳೇ ಅಭ್ಯಾಸವನ್ನ. ರಾಜಿ ಬೇಕೆಂದರೆ ಎರಡೂ ಓಎಸ್ ಒಂದೇ ಯಂತ್ರದಲ್ಲಿ ಹಾಕಿಕೊಡಬಹುದು.

ಟೆಸ್ಟಿಂಗ್ ಅಕ್ಕ

ಪಾಲಕರೇ, ಕೊನೆಯ ಸಾಲಿಗೆ ನನ್ನ ಸಂಪೂರ್ಣ ವಿರೋಧ. ಡ್ಯುಯಲ್ ಬೂಟ್, ಅಂದರೆ ಒಂದೇ ಯಂತ್ರದಲ್ಲಿ ಎರಡು ಓಎಸ್, ಜಗಳ ಆರಿಸಲ್ಲ, ಅದಕ್ಕೆ ಪುರಾವೆ ಒದಗಿಸುತ್ತೆ. ವಿಂಡೋಸ್ ಗಡಿಯಾರದ ಚಿಪ್‌ನಲ್ಲಿ ಸ್ಥಳೀಯ ಸಮಯ ಇಡುತ್ತೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತೆ. ಒಂದರಿಂದ ಇನ್ನೊಂದಕ್ಕೆ ಹೋದಾಗ ಗಂಟೆ ಹಿಂದೆಮುಂದೆ ಆಗಿ ‘ನೋಡಿ, ನಿಮ್ಮ ಲಿನಕ್ಸ್ ಟೈಮ್ ಹಾಳು ಮಾಡ್ತು’ ಅಂತ ಶುರು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನೋದು ಅರೆನಿದ್ದೆ. ಆ ಸ್ಥಿತಿಯ ಡಿಸ್ಕ್‌ಗೆ ಲಿನಕ್ಸ್ ಸಾಮಾನ್ಯವಾಗಿ ಓದಲು ಮಾತ್ರ ಬಿಡುತ್ತೆ, ಬರೆಯಲು ಬಿಡಲ್ಲ. ಸೆಕ್ಯೂರ್ ಬೂಟ್ ಮುಟ್ಟಿದರೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಎಲ್ಲಿದೆ ಅಂತ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಫೈಲ್‌ಗಳ ಆಸೆ ಬಿಡಿ. ಎರಡೂ ಬೇಕೆನ್ನೋರಿಗೆ ವರ್ಚುವಲ್ ಮೆಷಿನ್ (ಒಂದು ಓಎಸ್ ಒಳಗೆ ಕಿಟಕಿಯಲ್ಲಿ ಓಡೋ ಇನ್ನೊಂದು ಓಎಸ್) ಕೊಡಿ, ರ್‍ಯಾಮ್ 16 ಜಿಬಿ ಇದ್ದರೆ ಆರಾಮ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಮೂರು ಓಎಸ್ ಒಟ್ಟಿಗಿರೋ ತಂಡದಲ್ಲಿ ಜಗಳಕ್ಕೆ ದಿನಾ ಎಣ್ಣೆ ಹೊಯ್ಯೋದು ಫೈಲ್ ಹೆಸರು. ಲಿನಕ್ಸ್‌ನಲ್ಲಿ ಒಬ್ಬರು ‘ರಿಪೋರ್ಟ್’ ಅನ್ನೋ ಫೈಲನ್ನ ದೊಡ್ಡ ಆರ್‌ನಿಂದ ಒಂದು, ಚಿಕ್ಕ ಆರ್‌ನಿಂದ ಒಂದು ಅಂತ ಎರಡು ಮಾಡಿ ಗಿಟ್‌ಗೆ (ಫೈಲ್‌ಗಳ ಬದಲಾವಣೆ ದಾಖಲಿಸಿ ಹಂಚೋ ಸಾಧನ) ಹಾಕ್ತಾರೆ. ಅಲ್ಲಿ ಅವು ಎರಡು ಬೇರೆ ಫೈಲ್. ವಿಂಡೋಸ್, ಮ್ಯಾಕ್‌ನವರು ಇಳಿಸಿಕೊಂಡರೆ ಅವರ ಡಿಸ್ಕ್‌ಗೆ ಎರಡೂ ಒಂದೇ ಹೆಸರು, ಒಂದು ಮಾಯ. ಏನೂ ಮುಟ್ಟದಿದ್ದರೂ ‘ಫೈಲ್ ಬದಲಾಗಿದೆ’ ಅಂತ ಗಿಟ್ ಹೇಳ್ತಾನೇ ಇರುತ್ತೆ. ಹೆಸರಿನಲ್ಲಿ ಕೋಲನ್ ಅಥವಾ ಪ್ರಶ್ನಾರ್ಥಕ ಇದ್ದರೆ ವಿಂಡೋಸ್ ಫೈಲನ್ನೇ ಒಪ್ಪಲ್ಲ. ಸಾಲಿನ ಕೊನೆಗೆ ವಿಂಡೋಸ್ ಎರಡು ಗುರುತು ಹಾಕುತ್ತೆ, ಉಳಿದವು ಒಂದು. ಹಾಗಾಗಿ ಒಂದೇ ಪದ ತಿದ್ದಿದ್ದರೂ ಸಾವಿರ ಸಾಲು ಬದಲಾದಂತೆ ಕಾಣಬಹುದು. ಮೂರು ಕಡೆಯವರೂ ಪ್ರಾಮಾಣಿಕರೇ, ಮೂವರಿಗೂ ತಪ್ಪು ಎದುರಿನವರದ್ದು ಅಂತ ಕಾಣುತ್ತೆ.

ನಿಯಮ ಅರ್ಧ ಪುಟ ಸಾಕು: ಫೈಲ್ ಹೆಸರು ಚಿಕ್ಕ ಅಕ್ಷರ, ಅಂಕಿ, ಅಡ್ಡಗೆರೆಯಲ್ಲಿ ಮಾತ್ರ. ಫೋಲ್ಡರ್ ಸೇರಿ ಪೂರ್ತಿ ದಾರಿ 260 ಅಕ್ಷರದೊಳಗೆ. ಸಾಲಿನ ಕೊನೆಯ ಗುರುತನ್ನ ಗಿಟ್‌ನ ಆ್ಯಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಒಮ್ಮೆ ನಿಗದಿ ಮಾಡಿ. ಹಂಚಿಕೊಳ್ಳೋ ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇರಲಿ, ಯಾಕಂದ್ರೆ ಫ್ಯಾಟ್32 ಒಂದೊಂದು ಫೈಲ್‌ಗೂ 4 ಜಿಬಿ ಮಿತಿ ಹಾಕುತ್ತೆ, ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತೆ, ಬರೆಯಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಅರ್ಧಕ್ಕೆ ನಿಂತ ಬರವಣಿಗೆ ಸರಿಪಡಿಸೋ ದಾಖಲೆ) ಇಲ್ಲ, ಇಜೆಕ್ಟ್ ಮಾಡದೆ ಕಿತ್ತರೆ ಫೈಲ್ ಹಾಳಾಗೋ ಅಪಾಯ ಇದೆ.

ತಂಡದ ಲೆಕ್ಕ

ತುಂಬಾ ಉಪಯೋಗ ಆಯ್ತು. ಒಂದು ಮಾತ್ರ ಉಳೀತು. ಪಟ್ಟಿಯಲ್ಲಿ ಎಲ್ಲವೂ ‘ಆಗುತ್ತೆ’ ಅಂತ ಬಂದರೂ ‘ನನಗೆ ತತ್ವ ಮುಖ್ಯ’ ಅನ್ನೋರಿಗೆ ಏನು ಹೇಳೋದು?

ಹಳೇ ಯುನಿಕ್ಸ್

ಅವರನ್ನು ಭಾವುಕರು ಎಂದು ತಳ್ಳಿಹಾಕಬೇಡಿ. ಸಾಫ್ಟ್‌ವೇರ್‌ನ ಮೂಲ ಕೋಡ್ ನೋಡುವ, ತಿದ್ದುವ, ಹಂಚುವ ಹಕ್ಕು ಬಳಸುವವರಿಗೆ ಇರಬೇಕು ಎಂದು ರಿಚರ್ಡ್ ಸ್ಟಾಲ್‌ಮನ್ ಮುಕ್ತ ಓಎಸ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ್ದು 1983ರಲ್ಲಿ. ಅದು ಯೋಚಿಸಿ ಕಟ್ಟಿದ ನಿಲುವು. ‘ಯಂತ್ರ, ಓಎಸ್ ಎರಡಕ್ಕೂ ಒಬ್ಬರೇ ಹೊಣೆ ಇರಲಿ, ನನಗೆ ರಿಪೇರಿಯ ಉಸಾಬರಿ ಬೇಡ’ ಎನ್ನುವುದೂ ನಿಲುವೇ. ತೊಂದರೆ ಶುರುವಾಗುವುದು ತತ್ವ ವೇಗದ ವೇಷ ಹಾಕಿದಾಗ. ‘ಲಿನಕ್ಸ್ ಮೂರು ಪಟ್ಟು ಫಾಸ್ಟ್’ ಎನ್ನುವವರ ಮನಸ್ಸಿನಲ್ಲಿರುವುದು ‘ನನ್ನ ಯಂತ್ರ ನನ್ನ ಮಾತು ಕೇಳಬೇಕು’ ಎಂಬುದಾದರೆ, ವೇಗ ಎಷ್ಟು ಅಳೆದರೂ ವಾದ ಮುಗಿಯದು. ಪಟ್ಟಿಯಲ್ಲಿ ತತ್ವಕ್ಕೆ ಬೇರೆಯೇ ಕಾಲಂ ಕೊಡಿ. ಕೆಲಸ ಎರಡು ಓಎಸ್‌ನಲ್ಲೂ ಆಗುವುದಾದರೆ ಆ ಕಾಲಂ ತೀರ್ಮಾನಿಸಲಿ, ಆಗದಿದ್ದರೆ ಇಲ್ಲ.

ಮೀಟಿಂಗ್ ಅನಿವಾರ್ಯವಾದರೆ ಇನ್ನೊಂದು ಉಪಾಯ: ಪ್ರತಿಯೊಬ್ಬರೂ ಬಾಯಿ ತೆರೆಯುವ ಮುನ್ನ ತಮ್ಮದೇ ಓಎಸ್‌ನ ಮೂರು ಹುಳುಕು ಹೇಳಬೇಕು. ಬಹಳ ದಿನ ಬಳಸಿದವರಿಗೆ ಮೂರು ಸಾಲದು, ಹತ್ತು ಹೇಳುತ್ತಾರೆ. ಒಂದೂ ಹೊಳೆಯದವರು ಬೇರೆಯವರಿಂದ ಕೇಳಿದ್ದನ್ನು ಒಪ್ಪಿಸುತ್ತಿದ್ದಾರೆ ಎಂದುಕೊಳ್ಳಿ.

ಸರ್ವರ್ ಪಾಲಕ

ಡ್ಯುಯಲ್ ಬೂಟ್ ವಿಷಯ ಅಕ್ಕ ಹೇಳಿದ್ದೇ ಸರಿ, ವಾಪಸ್ ತಗೊಂಡೆ.

ಒಂದು ಸೇರಿಸ್ತೀನಿ. ಈಗ ವಿಂಡೋಸ್‌ನವರು ಮಾತ್ರ ಕಟಕಟೆಯಲ್ಲಿ ನಿಂತ ಹಾಗಿದೆ, ಅದಕ್ಕೇ ಅವರು ಹೆಚ್ಚು ಕೂಗಾಡ್ತಿರಬಹುದು. ಮೂರು ಮ್ಯಾಕ್‌ನಲ್ಲಿ ಇಂಟೆಲ್ ಚಿಪ್‌ನದ್ದು ಎಷ್ಟಿದೆ ನೋಡಿ. ಇಂಟೆಲ್ ಮ್ಯಾಕ್‌ಗೆ ಮ್ಯಾಕ್‌ಓಎಸ್ 26 ಕೊನೆಯ ಆವೃತ್ತಿ ಅಂತ ಆ್ಯಪಲ್ ಹೇಳಿಯಾಗಿದೆ. ಉಬುಂಟು 20.04 ಆಗಿದ್ದರೆ ಅದರ ಸಾಮಾನ್ಯ ಬೆಂಬಲ 2025ರ ಮೇನಲ್ಲೇ ಮುಗಿದಿದೆ. 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಇದೆ. ಹನ್ನೆರಡೂ ಯಂತ್ರದ ಕೊನೆಯ ತಾರೀಖು ಒಂದೇ ಹಾಳೆಯಲ್ಲಿ ಬರೆದು, ಯಾವ ಓಎಸ್ ಅಂತ ಹಾಕದೆ, ತಾರೀಖಿನ ಕ್ರಮದಲ್ಲಿ ಗೋಡೆಗೆ ಅಂಟಿಸಿ. ಮೊದಲ ಸಾಲಿನ ಯಂತ್ರದಿಂದ ಕೆಲಸ ಶುರು ಮಾಡಿ.