ಎಸಿ ಹಾಕಿದರೆ ಮಾತ್ರ ರೇಡಿಯೇಟರ್ ಫ್ಯಾನ್ ತಿರುಗುತ್ತದೆ, ಡೈರೆಕ್ಟ್ ಮಾಡಿಸಲಾ?

ಪ್ರಶ್ನೆ (ರಾಯಚೂರು): ನಮಸ್ಕಾರ ಸರ್. ನನ್ನದು ಹತ್ತು ವರ್ಷದ ಪೆಟ್ರೋಲ್ ಗಾಡಿ. ಮುಂದೆ ಎರಡು ಫ್ಯಾನ್ ಇವೆ. ಓಡುವಾಗ ಏನೂ ತೊಂದರೆ ಇಲ್ಲ. ರೈಲ್ವೆ ಗೇಟ್ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತದೆ. ಸೆಖೆ ತಡೆಯದೆ ಎಸಿ ಹಾಕಿದೆ, ಮುಳ್ಳು ಕೆಳಗಿಳಿಯಿತು. ಎಸಿ ಹಾಕಿದರೆ ಇಂಜಿನ್ ಬಿಸಿ ಜಾಸ್ತಿ ಆಗಬೇಕು ಅಲ್ವಾ? ಬಾನೆಟ್ ಎತ್ತಿ ನೋಡಿದೆ. ಎಸಿ ಆಫ್ ಇದ್ದಾಗ ಫ್ಯಾನ್ ಬರುವುದೇ ಇಲ್ಲ. ಎಸಿ ಹಾಕಿದರೆ ಎರಡೂ ತಿರುಗುತ್ತವೆ. ಇಲ್ಲಿನ ಮೆಕ್ಯಾನಿಕ್ "ಫ್ಯಾನ್ ಡೈರೆಕ್ಟ್ ಮಾಡಿಬಿಡೋಣ, ಕೀ ಹಾಕಿದರೆ ಸಾಕು ತಿರುಗುತ್ತಲೇ ಇರಲಿ" ಅಂತಾರೆ. ಮಾಡಿಸಲಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ದಾವಣಗೆರೆ): ಮಾಡಿಸಬೇಡಿ ಸರ್. ನೀವು ಬಾನೆಟ್ ಎತ್ತಿ ನೋಡಿದ್ದು ಒಳ್ಳೆಯದಾಯಿತು, ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಗಾಡಿಯ ಮೂತಿಯಲ್ಲಿ ಎರಡು ಜಾಲರಿ ಒಂದರ ಹಿಂದೆ ಒಂದು ಇರುತ್ತವೆ. ಮುಂದಿನದು ಎಸಿಯ ಕಂಡೆನ್ಸರ್, ಹಿಂದಿನದು ರೇಡಿಯೇಟರ್. ರೇಡಿಯೇಟರ್ ಬೆನ್ನಿಗೆ ಫ್ಯಾನ್. ಅದು ಗಾಳಿಯನ್ನು ಮುಂದಿನಿಂದ ಒಳಕ್ಕೆ ಎಳೆಯುತ್ತದೆ. ಒಂದೇ ಗಾಳಿ ಮೊದಲು ಕಂಡೆನ್ಸರ್ ದಾಟಿ, ಆಮೇಲೆ ರೇಡಿಯೇಟರ್ ದಾಟಿ ಇಂಜಿನ್ ಕಡೆ ಬರುತ್ತದೆ. ಹಾಗಾಗಿ ಈ ಫ್ಯಾನ್‌ಗೆ ಎರಡು ಕಡೆಯಿಂದ ಕರೆ ಬರುತ್ತದೆ. ಒಂದು ಇಂಜಿನ್ ನೀರಿನ ಬಿಸಿಯಿಂದ, ಇನ್ನೊಂದು ಎಸಿಯಿಂದ. ಯಾವುದು ಕರೆದರೂ ಫ್ಯಾನ್ ಏಳಬೇಕು.

ನೀರಿನ ಕಡೆ ನೋಡಿ. ಥರ್ಮೋಸ್ಟಾಟ್ ವಾಲ್ವ್ ಸುಮಾರು 82ರಿಂದ 88 ಡಿಗ್ರಿಗೆ ಬಾಯಿ ಬಿಡುತ್ತದೆ, ಬಿಸಿ ನೀರು ರೇಡಿಯೇಟರ್‌ಗೆ ಹೋಗುತ್ತದೆ. ಗಾಡಿ ಓಡುತ್ತಿದ್ದರೆ ಎದುರುಗಾಳಿಯೇ ಸಾಕು. ನಿಂತಾಗ ಗಾಳಿ ಇಲ್ಲ, ನೀರು ಇನ್ನೂ ಬಿಸಿಯಾಗುತ್ತದೆ. 95ರಿಂದ 100 ಡಿಗ್ರಿ ಆಸುಪಾಸು ಬಿಸಿ ಅಳೆಯುವ ಸೆನ್ಸರ್ ನೋಡಿಕೊಂಡು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ರಿಲೇಗೆ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ಹೇಳುತ್ತದೆ, ಫ್ಯಾನ್ ಹತ್ತುತ್ತದೆ. ನಾಲ್ಕೈದು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ಗಾಡಿಯಿಂದ ಗಾಡಿಗೆ ಈ ಅಂಕಿ ಸ್ವಲ್ಪ ಆಚೀಚೆ.

ಈಗ ನಿಮ್ಮ ಸಂದೇಹಕ್ಕೆ ಬರುತ್ತೇನೆ. ಎಸಿ ಹಾಕಿದರೆ ಬಿಸಿ ಜಾಸ್ತಿ ಆಗುವುದು ನಿಜ. ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಇಂಜಿನ್ ಮೇಲೆ ಭಾರ ಹಾಕುತ್ತದೆ, ಕಂಡೆನ್ಸರ್ ದಾಟಿ ಬರುವ ಗಾಳಿಯೂ ಬಿಸಿ. ಆದರೆ ನಿಮ್ಮ ಗಾಡಿಯಲ್ಲಿ ಮೊದಲು ಗಾಳಿಯೇ ಇರಲಿಲ್ಲ. ಎಸಿಯ ಕರೆಗೆ ಫ್ಯಾನ್ ಎದ್ದಿತು, ಗಾಳಿ ಬಂತು, ಮುಳ್ಳು ಇಳಿಯಿತು. ಅಂದರೆ ನಿಮ್ಮ ಫ್ಯಾನ್ ಮೋಟರ್, ಅದರ ಫ್ಯೂಸ್, ದೊಡ್ಡ ವೈರು ಎಲ್ಲ ಸರಿ ಇವೆ. ಕೆಟ್ಟಿರುವುದು ನೀರಿನ ಕಡೆಯ ಕರೆ. ನೀರೇ ಕಡಿಮೆ ಇರಬಹುದು, ಗಾಳಿ ಸೇರಿರಬಹುದು, ಸೆನ್ಸರ್ ಅಥವಾ ಅದಕ್ಕೆ ವೈರ್ ಸಿಕ್ಕಿಸುವ ಕಪ್ಲರ್ ಹೋಗಿರಬಹುದು. ಚೆನ್ನಾಗಿರುವ ಫ್ಯಾನ್‌ಗೆ ಬೇರೆ ವೈರು ಎಳೆದರೆ ಆ ದೋಷ ಹಾಗೇ ಒಳಗೆ ಕೂತಿರುತ್ತದೆ. ನಾಳೆ ನೀರು ಸೋರಿ ಖಾಲಿಯಾದರೂ ಫ್ಯಾನ್ ಗಿರ್ ಅಂತ ತಿರುಗುತ್ತಿರುತ್ತದೆ, ಎಲ್ಲ ಸರಿ ಇದೆ ಅಂತ ನೀವು ಓಡಿಸುತ್ತೀರಿ. ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗದ ಸೀಲ್) ಹೋದ ಮೇಲೆ ಗೊತ್ತಾಗುತ್ತದೆ.

ಪ್ರಶ್ನೆ (ರಾಯಚೂರು): ಸರಿ ಸರ್. ಹಾಗಾದರೆ ನಾನೇ ನೋಡುವಂಥದ್ದು ಏನಾದರೂ ಇದೆಯಾ?

ಉತ್ತರ: ಇದೆ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯನ್ನಲ್ಲ, ರೇಡಿಯೇಟರ್ ಬಾಯಿಯನ್ನೇ. ಕೂಲೆಂಟ್ (ನಾನು ನೀರು ಅನ್ನುತ್ತಿರುವುದು ಇದನ್ನೇ) ಬಾಯಿಮಟ್ಟ ಇರಬೇಕು. ಬಿಸಿ ಇದ್ದಾಗ ದಯವಿಟ್ಟು ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡ ಇರುತ್ತದೆ, ತೆಗೆದ ಕೂಡಲೇ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಕೈಗಳನ್ನು ನಾನು ಗ್ಯಾರೇಜಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಸೆನ್ಸರ್. ಥರ್ಮೋಸ್ಟಾಟ್ ಕೂತಿರುವ ಜಾಗದ ಹತ್ತಿರ ಎರಡು ವೈರಿನ ಸಣ್ಣ ಕಪ್ಲರ್ ಇರುತ್ತದೆ. ಎಸಿ ಆಫ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಿ, ಆ ಕಪ್ಲರ್ ಕಳಚಿ. ಸೆನ್ಸರ್ ಕಾಣಿಸದಿದ್ದರೆ ಹೆಚ್ಚಿನ ಗಾಡಿಗಳಲ್ಲಿ ಇಸಿಯು ಅಪಾಯ ಬೇಡ ಅಂತ ಫ್ಯಾನನ್ನು ತಾನೇ ಓಡಿಸಿಬಿಡುತ್ತದೆ. ಫ್ಯಾನ್ ಎದ್ದರೆ ಇಸಿಯುನಿಂದ ಫ್ಯಾನ್ ತನಕ ದಾರಿ ಸರಿ ಇದೆ, ತಪ್ಪು ಇರುವುದು ಸೆನ್ಸರಿನಲ್ಲಿ ಅಥವಾ ನೀರಿನಲ್ಲಿ. ಚೆಕ್ ಇಂಜಿನ್ ಲೈಟ್ ಹತ್ತಬಹುದು, ಗಾಬರಿ ಬೇಡ, ಕಪ್ಲರ್ ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ಅಳಿಸಬಹುದು.

ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ಈ ಸೆನ್ಸರ್ ಬಿಸಿಯಾದಷ್ಟೂ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಇಳಿಯುತ್ತದೆ. ಹೆಚ್ಚಿನವು 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತವೆ. ಬಿಸಿ ಇಂಜಿನ್‌ನಲ್ಲಿ ಸಾವಿರದ ಮೇಲೆ ತೋರಿಸಿದರೆ ಇಸಿಯುಗೆ ಇಂಜಿನ್ ಇನ್ನೂ ತಣ್ಣಗಿದೆ ಅನ್ನಿಸುತ್ತದೆ, ಅದು ಫ್ಯಾನ್ ಏಕೆ ಹಾಕುತ್ತದೆ? ಕೆಲವು ಹಳೆಯ ಗಾಡಿಗಳಲ್ಲಿ ಮುಳ್ಳಿಗೆ ಒಂದು, ಇಸಿಯುಗೆ ಒಂದು ಅಂತ ಸೆನ್ಸರ್ ಬೇರೆ ಬೇರೆ. ಅದಕ್ಕೇ ಮುಳ್ಳು ಸರಿಯಾಗಿ ಏರುತ್ತಿದ್ದರೂ ಫ್ಯಾನ್ ಬಾರದೇ ಇರಬಹುದು.

ಇನ್ನೂ ಹಳೆಯ ಗಾಡಿಯಾದರೆ ರೇಡಿಯೇಟರಿಗೇ ಥರ್ಮೋ ಸ್ವಿಚ್ ಕೂರಿಸಿರುತ್ತಾರೆ. ಅಲ್ಲಿ ಕಪ್ಲರ್ ಕಳಚಿದರೆ ಏನೂ ಆಗುವುದಿಲ್ಲ, ಅದರ ಎರಡು ಪಿನ್ ಸೇರಿಸಿದರೆ ಫ್ಯಾನ್ ತಿರುಗಬೇಕು.

ಒಂದು ಮಾತು. ಕೈ, ಟವೆಲ್, ದುಪಟ್ಟಾ ಫ್ಯಾನ್ ಹತ್ತಿರ ಬೇಡ. ಅದು ಹೇಳಿ ಕೇಳಿ ತಿರುಗುವುದಿಲ್ಲ.

ಪ್ರಶ್ನೆ (ಬೆಂಗಳೂರು): ಅಣ್ಣಾ, ನನ್ನದು ಬೇರೆ ಕಥೆ. ಇಂಜಿನ್ ಬಿಸಿ ಆಗುವುದಿಲ್ಲ. ಆದರೆ ಎಸಿ ಓಡುವಾಗ ತಣ್ಣಗೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಬರೀ ಬಿಸಿ ಗಾಳಿ. ಎಸಿ ಅಂಗಡಿಯವರು ಗ್ಯಾಸ್ ಹಾಕಿಸಿ ಅಂತಾರೆ.

ಉತ್ತರ: ಗ್ಯಾಸ್ ಹಾಕಿಸುವ ಮೊದಲು ಫ್ಯಾನ್ ನೋಡಿ ತಮ್ಮಾ. ಗ್ಯಾಸ್ ತೀರಾ ಕಡಿಮೆ ಇದ್ದರೆ ಓಡುವಾಗಲೂ ಎಸಿ ಸೊರಗುತ್ತದೆ. ಓಡುವಾಗ ಚೆನ್ನಾಗಿದ್ದು ನಿಂತಾಗ ಮಾತ್ರ ಕೈಕೊಟ್ಟರೆ ಮೊದಲ ಅನುಮಾನ ಗಾಳಿಯ ಮೇಲೆ.

ಕಾರಿನ ಒಳಗಿನ ಬಿಸಿಯನ್ನು ಗ್ಯಾಸ್ ಹೊತ್ತು ತಂದು ಕಂಡೆನ್ಸರಿನಲ್ಲಿ ಬಿಡಬೇಕು. ಅಲ್ಲಿ ಗಾಳಿ ಆಡಿದರೆ ಗ್ಯಾಸ್ ತಣ್ಣಗಾಗಿ ದ್ರವವಾಗುತ್ತದೆ. ಗಾಳಿ ಇಲ್ಲದಿದ್ದರೆ ಒತ್ತಡ ಏರುತ್ತಾ ಹೋಗುತ್ತದೆ. ಕಾರಿನ ಟೈರಿನಲ್ಲಿ ಇರುವುದು 2 ಬಾರ್ ಚಿಲ್ಲರೆ ಒತ್ತಡ. ಬೇಸಿಗೆಯಲ್ಲಿ ಕಂಡೆನ್ಸರ್ ಒಳಗೆ 15 ಬಾರ್ ದಾಟುವುದು ಮಾಮೂಲು. ಅದನ್ನು ನೋಡಿಕೊಳ್ಳಲು ಪೈಪಿನ ಮೇಲೆ ಪ್ರೆಶರ್ ಸೆನ್ಸರ್ ಇರುತ್ತದೆ. ಒತ್ತಡ ಏರಿದರೆ ಫ್ಯಾನ್ ಜೋರಾಗಿ ತಿರುಗಲು ಹೇಳುತ್ತದೆ. ಆದರೂ ಏರಿ 30 ಬಾರ್ ಆಸುಪಾಸು ಹೋದರೆ ಪೈಪ್ ಒಡೆಯಬಾರದು ಅಂತ ಕಂಪ್ರೆಸರನ್ನೇ ಕಟ್ ಮಾಡುತ್ತದೆ. ನಿಮಗೆ ಬರುವ ಬಿಸಿ ಗಾಳಿ ಆ ಹೊತ್ತಿನದು ಇರಬಹುದು. ಸಿಗ್ನಲ್ ಬಿಟ್ಟ ಮೇಲೆ ಎದುರುಗಾಳಿ ಸಿಕ್ಕಿ ಮತ್ತೆ ತಣ್ಣಗಾಗುತ್ತದೆ. ಈ ಸ್ಥಿತಿಯಲ್ಲಿ ಗ್ಯಾಸ್ ಇನ್ನೂ ತುಂಬಿಸಿದರೆ ಒತ್ತಡ ಇನ್ನೂ ಬೇಗ ಏರುತ್ತದೆ.

ಗಾಡಿ ನಿಲ್ಲಿಸಿ ಎಸಿ ಹಾಕಿ, ಮುಂದೆ ನಿಂತು ನೋಡಿ. ಕೆಲವು ಗಾಡಿಗಳಲ್ಲಿ ಎಸಿ ಒತ್ತಿದ ತಕ್ಷಣ ಫ್ಯಾನ್ ಬರುತ್ತದೆ, ಕೆಲವು ಒತ್ತಡ ಏರುವ ತನಕ ಕಾಯುತ್ತವೆ. ಎರಡು ಮೂರು ನಿಮಿಷ ಕೊಡಿ. ಎರಡು ಫ್ಯಾನ್ ಇದ್ದು ಒಂದೇ ತಿರುಗುತ್ತಿದ್ದರೆ ಇನ್ನೊಂದರ ಮೋಟರ್ ನೋಡಿ. ಮೋಟರ್ ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಮೋಟರ್ ಮೈಗೆ ಮೆಲ್ಲಗೆ ತಟ್ಟಿದಾಗ ಒಮ್ಮೆ ತಿರುಗುತ್ತದೆ, ಅದು ಸಾಯುವ ಮುನ್ನದ ಲಕ್ಷಣ. ನಿಧಾನ ಸ್ಪೀಡ್ ಇಲ್ಲವೇ ಇಲ್ಲ, ಬಂದರೆ ಒಮ್ಮೆಲೇ ಭರ್ ಅಂತ ಫುಲ್ ಸ್ಪೀಡ್ ಅಂದರೆ ಸ್ಪೀಡ್ ಇಳಿಸುವ ರೆಸಿಸ್ಟರ್ ಸುಟ್ಟಿದೆ. ಒಂದೇ ಫ್ಯಾನ್ ಇರುವ ಬಹಳಷ್ಟು ಗಾಡಿಗಳಲ್ಲಿ ಇದೇ ರೋಗ. ಎರಡು ಫ್ಯಾನಿನ ಕೆಲವು ಗಾಡಿಗಳಲ್ಲಿ ರೆಸಿಸ್ಟರ್ ಬದಲು ರಿಲೇಗಳು ಎರಡನ್ನೂ ಸೀರೀಸ್‌ನಲ್ಲಿ ಹಾಕುತ್ತವೆ. 12 ವೋಲ್ಟ್ ಎರಡಕ್ಕೂ ಹಂಚಿಹೋಗಿ ನಿಧಾನ ತಿರುಗುತ್ತವೆ. ಜೋರು ಬೇಕಾದಾಗ ಪ್ಯಾರಲಲ್ ಮಾಡಿ ಒಂದೊಂದಕ್ಕೂ ಪೂರ್ತಿ 12 ಕೊಡುತ್ತವೆ. ಅಂಥ ಗಾಡಿಯಲ್ಲಿ ಒಂದು ಮೋಟರ್ ಸತ್ತರೆ ನಿಧಾನ ಸ್ಪೀಡಿನಲ್ಲಿ ಎರಡೂ ನಿಲ್ಲುತ್ತವೆ. ಇದು ಗೊತ್ತಿಲ್ಲದೆ ಸುಮ್ನೆ ಎರಡೂ ಮೋಟರ್ ಬದಲಿಸಿ ಬಿಲ್ ಮಾಡುವವರಿದ್ದಾರೆ.

ಫ್ಯಾನ್ ಸರಿ ಇದ್ದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಧೂಳು, ಹತ್ತಿ, ಹುಳುಗಳು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿರುತ್ತವೆ. ಸಾದಾ ಪೈಪಿನ ನೀರಲ್ಲಿ ತೊಳೆಸಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳು ಅಲ್ಯೂಮಿನಿಯಂ ಎಸಳು ಮಡಚಿ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ನಮ್ಮ ಅಪ್ಪಾಜಿಯ ಅಂಬಾಸಿಡರ್‌ನಲ್ಲಿ ಫ್ಯಾನ್ ಯಾವಾಗಲೂ ತಿರುಗುತ್ತಿತ್ತು, ಏನೂ ಆಗಲಿಲ್ಲ. ಡೈರೆಕ್ಟ್ ಮಾಡಿದರೆ ತಪ್ಪೇನು?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಆ ಫ್ಯಾನನ್ನು ಬೆಲ್ಟ್ ತಿರುಗಿಸುತ್ತಿತ್ತು, ಕರೆಂಟ್ ಅಲ್ಲ. ಇಂಜಿನ್ ಉದ್ದಕ್ಕೆ ಕೂತಿದ್ದರಿಂದ ಫ್ಯಾನ್ ನೇರ ರೇಡಿಯೇಟರ್ ಎದುರಿಗೆ ಬರುತ್ತಿತ್ತು. 1983ರಲ್ಲಿ ಮಾರುತಿ 800 ಬಂತು. ಅದರ ಇಂಜಿನ್ ಅಡ್ಡಕ್ಕೆ ಕೂತಿದೆ, ಬೆಲ್ಟ್ ಇರುವುದು ಪಕ್ಕಕ್ಕೆ. ಹಾಗಾಗಿ ಫ್ಯಾನ್‌ಗೆ ಬೇರೆಯೇ ಮೋಟರ್ ಬೇಕಾಯಿತು. ಬೆಲ್ಟ್ ಫ್ಯಾನಿಗೆ ಒಂದು ಕೊರತೆಯೂ ಇತ್ತು. ಟ್ರಾಫಿಕ್‌ನಲ್ಲಿ ಇಂಜಿನ್ ನಿಧಾನ, ಫ್ಯಾನೂ ನಿಧಾನ. ಗಾಳಿ ಹೆಚ್ಚು ಬೇಕಾದಾಗಲೇ ಕಡಿಮೆ. ಮೋಟರ್ ಫ್ಯಾನ್ ಇಂಜಿನ್ ಸ್ಪೀಡ್ ಎಷ್ಟೇ ಇರಲಿ ತನ್ನ ಪೂರ್ತಿ ಬಲ ಕೊಡುತ್ತದೆ. ಎಸಿ ಗಾಡಿಗೆ ಅದೇ ಬೇಕು.

ಇನ್ನು ಡೈರೆಕ್ಟ್. ಥರ್ಮೋಸ್ಟಾಟ್ ವಾಲ್ವ್ ಇದ್ದರೆ ಫ್ಯಾನ್ ಸದಾ ತಿರುಗಿದರೂ ಇಂಜಿನ್ ತನ್ನ ಬಿಸಿಗೆ ಬರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಒಂದು ಫ್ಯಾನ್ ಜೋರಾಗಿ ತಿರುಗುವಾಗ 10ರಿಂದ 20 ಆಂಪಿಯರ್ ಎಳೆಯುತ್ತದೆ. ಬೇಕಿಲ್ಲದಾಗಲೂ ಆ ಹೊರೆ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಮೇಲೆ. ಬ್ರಷ್ ಬೇಗ ಸವೆಯುತ್ತದೆ. ರಿಲೇ ಹಾಕದೆ, ಫ್ಯೂಸ್ ಹಾಕದೆ ಇಗ್ನಿಷನ್ ವೈರಿಗೇ ಸಿಕ್ಕಿಸಿದರೆ ವೈರ್ ಕರಗುತ್ತದೆ, ಬೆಂಕಿ ಹೊತ್ತಿಕೊಳ್ಳುವುದು ಹಾಗೆಯೇ. ಡೈರೆಕ್ಟ್ ಮಾಡುವವರಲ್ಲಿ ಕೆಲವರು ವಾಲ್ವನ್ನೂ ಕಿತ್ತು ಬಿಸಾಕುತ್ತಾರೆ. ಆಗ ಇಂಜಿನ್ ಬಿಸಿಯಾಗುವುದೇ ಇಲ್ಲ, ಇಸಿಯು ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಮೈಲೇಜ್ ಬಿದ್ದಿದೆ ಅಂತ ಆಮೇಲೆ ನನ್ನ ಹತ್ತಿರವೇ ಬರುತ್ತಾರೆ.

ಪ್ರಶ್ನೆ (ಪುತ್ತೂರು): ಅಣ್ಣ, ಕೀ ತೆಗೆದ ಮೇಲೂ ನಮ್ಮ ಗಾಡಿಯ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದೆ, ಬ್ಯಾಟರಿ ಹೋಗುತ್ತದಾ? ಮತ್ತೆ ಶಿರಾಡಿ ಘಾಟಿ ಹತ್ತುವಾಗ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಎಸಿ ಆಫ್ ಮಾಡಬೇಕಾ?

ಉತ್ತರ: ಒಂದೆರಡು ನಿಮಿಷ, ಹೆಚ್ಚೆಂದರೆ ನಾಲ್ಕೈದು ನಿಮಿಷ ತಿರುಗಿ ನಿಂತರೆ ಅದು ಗಾಡಿಯ ಕ್ರಮವೇ ಅಕ್ಕ. ನಿಂತ ಇಂಜಿನ್‌ನಲ್ಲಿ ನೀರು ಓಡುವುದಿಲ್ಲ, ಬಿಸಿ ಸ್ವಲ್ಪ ಏರುತ್ತದೆ, ಅದನ್ನು ಇಳಿಸುತ್ತದೆ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಅಥವಾ ಬೆಳಿಗ್ಗೆ ತಣ್ಣಗಿನ ಗಾಡಿಯಲ್ಲೂ ತಿರುಗಿದರೆ ರಿಲೇ ಅಂಟಿಕೊಂಡಿದೆ. ಬ್ಯಾಟರಿ ಖಾಲಿಯಾಗುತ್ತದೆ, ರಿಲೇ ಬದಲಿಸಿ.

ಘಾಟಿಯಲ್ಲಿ ಮುಳ್ಳು ಜಾಗದಲ್ಲೇ ಇದ್ದರೆ ಎಸಿ ಹಾಕಿಕೊಂಡೇ ಹೋಗಿ. ಏರಲು ಶುರುವಾದರೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಫುಲ್‌ಗೆ ಇಡಿ. ಒಳಗೆ ಬೆವರು ಸುರಿಯುತ್ತದೆ, ಆದರೆ ಹೀಟರಿನ ಸಣ್ಣ ರೇಡಿಯೇಟರ್ ಮೂಲಕ ಇಂಜಿನ್ನಿನ ಬಿಸಿ ಹೊರಬರುತ್ತದೆ. ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಫ್ಯಾನ್ ತಿರುಗುತ್ತಿದ್ದು ಮುಳ್ಳು ಇಳಿಯುತ್ತಿದ್ದರೆ ಇಂಜಿನ್ ಓಡುತ್ತಿರಲಿ. ಮುಳ್ಳು ಕೆಂಪಿಗೆ ಮುಟ್ಟಿದ್ದರೆ ಅಥವಾ ಆವಿ ಏಳುತ್ತಿದ್ದರೆ ತಕ್ಷಣ ಆಫ್. ಅಲ್ಲಿ ತಣ್ಣೀರು ಸುರಿಯುವುದು, ಮುಚ್ಚಳ ತೆಗೆಯುವುದು ಎರಡೂ ಬೇಡ.

ಮರುಪ್ರಶ್ನೆ (ರಾಯಚೂರು): ಸರ್, ನೀವು ಹೇಳಿದಂತೆ ನೋಡಿದೆ. ಕಪ್ಲರ್ ಕಳಚಿದ ಕೂಡಲೇ ಫ್ಯಾನ್ ಎದ್ದಿತು! ಡಬ್ಬಿಯಲ್ಲಿ ಕೂಲೆಂಟ್ ತುಂಬಾ ಇದೆ. ಆದರೆ ರೇಡಿಯೇಟರ್ ಬಾಯಲ್ಲಿ ನೀರೇ ಕಾಣಿಸಲಿಲ್ಲ. ಇದು ಹೇಗೆ?

ಉತ್ತರ: ಹೆಚ್ಚಾಗಿ ಮುಚ್ಚಳ ಕೆಟ್ಟಿರಬೇಕು ಸರ್. ಬಿಸಿಯಾದಾಗ ನೀರು ಹಿಗ್ಗಿ ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ಮುಚ್ಚಳದ ನಡುವಿನ ಸಣ್ಣ ವಾಲ್ವ್ ತೆರೆದು ವಾಪಸ್ ಎಳೆದುಕೊಳ್ಳಬೇಕು. ರಬ್ಬರ್ ಗಟ್ಟಿಯಾದರೆ, ಇಲ್ಲವೇ ಡಬ್ಬಿಗೆ ಹೋಗುವ ಪೈಪ್ ಸೀಳಿದ್ದರೆ ಹೋದ ನೀರು ತಿರುಗಿ ಬರುವುದಿಲ್ಲ. ಮೇಲೆ ಗಾಳಿ ಸೇರುತ್ತದೆ. ಸೆನ್ಸರ್ ನೀರಿನಲ್ಲಿ ಮುಳುಗಿರುವ ಬದಲು ಗಾಳಿಯಲ್ಲಿ ನಿಂತಿದ್ದರೆ ನಿಜವಾದ ಬಿಸಿ ಅದಕ್ಕೆ ತಿಳಿಯುವುದೇ ಇಲ್ಲ.

ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅದು ಎಷ್ಟು ಒತ್ತಡ ಹಿಡಿಯುತ್ತದೆ ಅನ್ನುವ ಅಂಕಿ. ಅದೇ ಅಂಕಿಯದನ್ನು ತನ್ನಿ. ಪೈಪ್, ಕ್ಲಿಪ್ ಸೋರುತ್ತವೆಯಾ ನೋಡಿಸಿ. ಆಮೇಲೆ ಕೂಲೆಂಟ್ ತುಂಬಿಸಿ. ಬೋರ್ ನೀರು ಬೇಡ, ಅದರ ಉಪ್ಪು ರೇಡಿಯೇಟರ್ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ರೆಡಿಮಿಕ್ಸ್ ಸಿಗುತ್ತದೆ, ಇಲ್ಲದಿದ್ದರೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್.

ತಣ್ಣಗಿನ ಇಂಜಿನ್‌ನಲ್ಲಿ ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಬಿಸಿಗೆ ಇಟ್ಟು, ಗುಳ್ಳೆ ಬರುವುದು ನಿಲ್ಲುವ ತನಕ ಸ್ವಲ್ಪ ಸ್ವಲ್ಪವೇ ತುಂಬಿಸುತ್ತಾ ಬನ್ನಿ. ನೀರು ಉಕ್ಕಿ ಬರುವ ಮೊದಲೇ ಮುಚ್ಚಳ ಹಾಕಿ. ಎಸಿ ಆಫ್ ಮಾಡಿ ಐಡಲ್‌ನಲ್ಲಿ ಬಿಡಿ. ಫ್ಯಾನ್ ತಾನಾಗಿ ಹತ್ತಿ, ತಾನಾಗಿ ನಿಂತು, ಮತ್ತೆ ಹತ್ತಬೇಕು. ಇಷ್ಟಾದರೆ ಸೆನ್ಸರ್ ಬದಲಿಸುವ ಖರ್ಚೂ ಉಳಿಯಿತು. ಆಗಲೂ ಹತ್ತದಿದ್ದರೆ ಹೊಸ ಸೆನ್ಸರ್ ಹಾಕಿಸಿ, ಹಳೆಯದರ ಓಮ್ ಎಷ್ಟಿತ್ತು ಅಂತ ಇಲ್ಲಿ ಬರೆಯಿರಿ.